ಹಿತ್ತಲ ತರಕಾರಿಗೆ ಸಾವಯವ ಕ್ರಮವೋ, ರಾಸಾಯನಿಕ ಕ್ರಮವೋ?

ಹೊಲಗದ್ದೆಗಳಿಗೆಂದು ತಂದ ಯೂರಿಯ ಮೂಟೆಯಲ್ಲಿ ಉಳಿದುದನ್ನೂ, ಕೀಟನಾಶಕದ ಸೀಸೆಯಲ್ಲಿ ಮಿಕ್ಕುದನ್ನೂ ಮನೆಯ ಹಿತ್ತಲ ಮಡಿಗಳಿಗೆ ಉಪಯೋಗಿಸುವ ರೂಢಿಯು ಅನೇಕ ಗ್ರಾಮಗಳಲ್ಲಿ ಉಂಟು. ಬೇಸಾಯದಲ್ಲಿ ನುರಿತ ಯಜಮಾನರು ಸಹ ಇದರಲ್ಲಿ ದೋಷವನ್ನೆಣಿಸುವುದಿಲ್ಲ. ಆದರೆ ಹೊಲಕ್ಕೂ ಹಿತ್ತಿಲಿಗೂ ಒಂದು ಮುಖ್ಯವಾದ ಭೇದವಿದೆ. ಹೊಲದ ಫಸಲು ಬಹುಮಟ್ಟಿಗೆ ಒಮ್ಮೆ ಕೊಯ್ಲಿಗೆ ಬರುತ್ತದೆ. ಹಿತ್ತಿಲಿನದು ದಿನದಿನವೂ ಅಡಿಗೆಮನೆಗೆ ಹೋಗುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಕ್ರಮಗಳನ್ನೂ ವಿಚಾರಮಾಡತಕ್ಕದ್ದು.

1. ಗೊಬ್ಬರದ ವಿಷಯ

ಗಿಡದ ಬೇರು ಸಾರಜನಕವನ್ನು ಮುಖ್ಯವಾಗಿ ನೈಟ್ರೇಟ್ ಮತ್ತು ಅಮೋನಿಯಂ ರೂಪಗಳಲ್ಲಿ ಹೀರುತ್ತದೆ. ಅದು ಸಗಣಿಯಿಂದ ಬಂದುದೋ ಮೂಟೆಯಿಂದ ಬಂದುದೋ ಎಂಬ ಎಣಿಕೆ ಬೇರಿಗಿಲ್ಲ; ಎಣಿಕೆ ಇರುವುದು ಭೂಮಿಗೆ. ಯೂರಿಯದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದ್ದರೆ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಅರ್ಧ ಭಾಗ ಮಾತ್ರ. ಎಂದರೆ 1 ಕೆ.ಜಿ. ಯೂರಿಯದಲ್ಲಿರುವ ಸಾರಜನಕಕ್ಕೆ ಸುಮಾರು 90 ಕೆ.ಜಿ. ಕೊಟ್ಟಿಗೆ ಗೊಬ್ಬರ ಬೇಕು. ಆದರೆ ಯೂರಿಯವು ಬೇಗ ಕರಗಿ, ಮಳೆಯ ನೀರಿನೊಡನೆ ಇಳಿದು, ಹಿತ್ತಲ ಬಾವಿಯನ್ನು ಸೇರಬಹುದು. ಮಣ್ಣನ್ನು ಸಡಿಲಗೊಳಿಸುವ, ತೇವವನ್ನು ಹಿಡಿದಿಡುವ ಗುಣ ಅದಕ್ಕಿಲ್ಲ. ಕೊಟ್ಟಿಗೆ ಗೊಬ್ಬರಕ್ಕೆ ಆ ಗುಣಗಳಿವೆ.

ಒಂದು ಗುಂಟೆ ಹಿತ್ತಿಲಿಗೆ ಚೆನ್ನಾಗಿ ಕಳಿತ ಗೊಬ್ಬರ ಸುಮಾರು 250 ಕೆ.ಜಿ., ಎಂದರೆ 25 ಕೆ.ಜಿ. ಹಿಡಿಯುವ ಹತ್ತು ಕುಕ್ಕೆ, ಸಾಕಾಗುವುದು. ಹಸಿ ಸಗಣಿಯನ್ನು ಹಾಕಕೂಡದು. ಗೊಣ್ಣೆಹುಳುವೂ ಕಳೆಬೀಜವೂ ಅದರೊಡನೆ ಬರುತ್ತವೆ. ಸಗಣಿ ಸಾಲದಿದ್ದಲ್ಲಿ ಬೇವಿನ ಹಿಂಡಿಯನ್ನಾಗಲಿ ಹೊಂಗೆಯ ಹಿಂಡಿಯನ್ನಾಗಲಿ ಸೇರಿಸಬಹುದು. ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನವೂ ಅನುಕೂಲವಾದುದು. ಗುಂಡಿಯಲ್ಲಿ ಕಸಕಡ್ಡಿ, ಸಗಣಿಗಳನ್ನು ಪದರಪದರವಾಗಿ ತುಂಬಿ, ಮೇಲೆ ಕೆಸರಿನಿಂದ ಮೆತ್ತಿಬಿಟ್ಟರೆ, ಮಗುಚುವ ಶ್ರಮವಿಲ್ಲದೆ ಆರೆಂಟು ತಿಂಗಳಲ್ಲಿ ಗೊಬ್ಬರವಾಗುವುದು.

ಹಾಗೆಂದು ರಾಸಾಯನಿಕ ಗೊಬ್ಬರವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಮಣ್ಣಿನ ಪರೀಕ್ಷೆಯಿಂದ ಯಾವುದಾದರೊಂದು ಸತ್ತ್ವದ ಕೊರತೆ ಗೊತ್ತಾದರೆ, ಅದನ್ನು ಅಳತೆಯಂತೆ ಕೊಡುವುದು ಯುಕ್ತವೇ ಸರಿ. ಕೊರತೆಯನ್ನು ತಿಳಿಯದೆ ಹಿಡಿಹಿಡಿಯಾಗಿ ಎರಚುವುದು ಮಾತ್ರ ಸಲ್ಲದು.

2. ಹುಳುಗಳ ವಿಷಯ

ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಕೀಟನಾಶಕವನ್ನು ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ಕೊಯ್ಯಬಾರದೆಂಬ ನಿಯಮವುಂಟು. ಬೆಂಡೆಯನ್ನಾದರೋ ದಿನ ಬಿಟ್ಟು ದಿನ ಕೊಯ್ಯಬೇಕು. ಕಾದರೆ ಕಾಯಿ ಬಲಿತು ನಾರಾಗುವುದು. ಹೀಗಿರುವಲ್ಲಿ ಆ ನಿಯಮವನ್ನು ಪಾಲಿಸುವ ಮನೆ ಎಷ್ಟು? ಪಾಲಿಸದಿದ್ದರೆ ಆ ವಿಷವನ್ನು ಉಣ್ಣುವವರು ನಮ್ಮ ಮಕ್ಕಳೇ. ಹೊಲದ ಸೀಸೆಯಲ್ಲಿರುವುದೆಲ್ಲವೂ ತರಕಾರಿಗೆ ಸಲ್ಲುವುದೂ ಇಲ್ಲ: ಮಾನೋಕ್ರೋಟೋಫಾಸನ್ನು ತರಕಾರಿಗಳ ಮೇಲೆ ಬಳಸುವುದು ನಿಷಿದ್ಧ, ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. ಡಬ್ಬಿಯ ಮೇಲೆ ಕೆಂಪು ಅಥವಾ ಹಳದಿ ಗುರುತಿರುವ ಔಷಧಿಯು ಹಿತ್ತಿಲಿಗೆ ಬರಲೇಕೂಡದು.

ಇದಕ್ಕೆ ಬದಲು 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲಾ ನೆನೆಯಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬಹುದು. ಹುಳು ಸಣ್ಣದಿರುವಾಗಲೇ ಇದನ್ನು ಮಾಡಬೇಕು. ಬಲಿತ ಹುಳುವಿಗೆ ಇದು ಅಷ್ಟಾಗಿ ತಾಗುವುದಿಲ್ಲ. ಅಂಥವನ್ನು ಕೈಯಿಂದ ಆರಿಸಿ ಕೊಲ್ಲುವುದೇ ಮೇಲು. ಗಿಡಮೂಲದ್ದೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದು ತಿಳಿಯಬಾರದು: ಹೊಗೆಸೊಪ್ಪಿನ ಕಷಾಯವು ಮನುಷ್ಯರಿಗೂ ಘೋರವಾದ ವಿಷ.

ಸಾರಾಂಶವಿಷ್ಟು: ಭೂಮಿಗೆ ಕಳಿತ ಗೊಬ್ಬರವೇ ಆಧಾರ, ರಾಸಾಯನಿಕ ಗೊಬ್ಬರವು ಪರೀಕ್ಷೆಯ ಮೇಲೆ ಕೊಡತಕ್ಕ ಪೂರಕ, ವಿಷೌಷಧಿಗೆ ಹಿತ್ತಿಲಿನಲ್ಲಿ ಸ್ಥಳವಿಲ್ಲ. ಗ್ರಾಮದ ಮುಖಂಡರು ತಮ್ಮ ಹಿತ್ತಿಲಿನಲ್ಲಿಯೇ ಒಂದೇ ಅಳತೆಯ ಎರಡು ಮಡಿಗಳನ್ನು ಮಾಡಿ, ಒಂದಕ್ಕೆ ಕಳಿತ ಗೊಬ್ಬರವನ್ನೂ ಮತ್ತೊಂದಕ್ಕೆ ಮೂಟೆಗೊಬ್ಬರವನ್ನೂ ಕೊಟ್ಟು, ಖರ್ಚನ್ನೂ ಇಳುವರಿಯ ತೂಕವನ್ನೂ ಲೆಕ್ಕವಿಟ್ಟು ನೆರೆಹೊರೆಯವರಿಗೆ ತೋರಿಸಬೇಕಾಗಿ ಕೋರುತ್ತೇವೆ. ಯಜಮಾನರ ಹಿತ್ತಿಲಿನಲ್ಲಿ ಕಂಡುದನ್ನು ಊರು ಬೇಗ ನಂಬುವುದು.