ಕುತ್ತಿಗೆಯ ನೆಟಿಗೆ, ಒಂಟಾರಿಯೊದ ಬಿಲ್ಲು

1895ರ ಸೆಪ್ಟೆಂಬರ್. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಡಿ. ಡಿ. ಪಾಮರ್ ಎಂಬಾತ ಕಟ್ಟಡದ ಜಾಡಮಾಲಿ ಹಾರ್ವೆ ಲಿಲಾರ್ಡ್‌ನ ಬೆನ್ನುಮೂಳೆಯ ಗಂಟೊಂದನ್ನು ಒತ್ತಿ ಕೂರಿಸಿದ. ಹದಿನೇಳು ವರ್ಷದಿಂದ ಮುಚ್ಚಿದ್ದ ಕಿವಿ ತೆರೆಯಿತೆಂದು ಸಾರಿದ. ಕೈರೋಪ್ರಾಕ್ಟಿಕ್ ಹುಟ್ಟಿದ್ದು ಹೀಗೆ. ಕಿವಿಯ ನರ ಬೆನ್ನುಮೂಳೆಯ ದಾರಿಯನ್ನೇ ಹಿಡಿಯುವುದಿಲ್ಲ, ನೇರ ಮಿದುಳಿಗೆ ಹೋಗುತ್ತದೆ ಎನ್ನುವುದು ಬೇರೆ ಮಾತು. ಬೆನ್ನು ಹಿಡಿದುಕೊಂಡು ಬಂದವರಿಗೆ ಈ ಕೈಚಳಕ ಹಿಡಿಸಿತು, ಶಾಲೆಗಳು ಎದ್ದವು.

ಇದರಿಂದ ಕೇಡೂ ಆಗಬಹುದೆಂಬ ಗುಮಾನಿ ಹುಟ್ಟಿದ್ದು ಒಬ್ಬೊಬ್ಬ ರೋಗಿಯಿಂದ. 1947ರಲ್ಲಿ ಪ್ರಾಟ್-ಥಾಮಸ್ ಮತ್ತು ಬರ್ಗರ್ ಎಂಬ ವೈದ್ಯರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಚಿಕಿತ್ಸೆಯ ಬೆನ್ನಿಗೇ ಕಿರುಮಿದುಳು, ಬೆನ್ನುಹುರಿಗಳಿಗೆ ಪೆಟ್ಟಾದ ಪ್ರಕರಣಗಳನ್ನು ವಿವರಿಸಿದರು. ಮುಂದೆ ಅಂಥ ವರದಿಗಳು ಒಂದೊಂದಾಗಿ ಸೇರುತ್ತ ಹೋದವು. ಹೆಚ್ಚಿನವು ಬೆರಳು ತೋರಿಸುತ್ತಿದ್ದುದು ಕುತ್ತಿಗೆಯ ಕಡೆಗೆ.

ಏಕೆ ಕುತ್ತಿಗೆ? ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿಗಳು ಎಡಕ್ಕೊಂದು, ಬಲಕ್ಕೊಂದು. ಕುತ್ತಿಗೆಯ ಆರನೆಯ ಮೂಳೆಯಿಂದ ಶುರುವಾಗಿ, ಪ್ರತಿ ಮೂಳೆಯ ಪಕ್ಕದ ತೂತಿನಲ್ಲಿ ನುಸುಳುತ್ತ ಲಾಡಿ ಪೋಣಿಸಿದ ಹಾಗೆ ಮೇಲೇರುತ್ತವೆ. ತುತ್ತತುದಿಯ ಮೂಳೆ ದಾಟಿದ ಮೇಲೆ ಹಿಂದಕ್ಕೆ ಬಾಗಿ, ಅದರ ಮೇಲೆಯೇ ಹೊರಳಿ ತಲೆಬುರುಡೆಯ ಒಳಹೋಗುತ್ತವೆ. ನಾವು ತಲೆ ತಿರುಗಿಸಿದಾಗ ಸುಮಾರು ಅರ್ಧ ತಿರುವು ಆಗುವುದು ಮೇಲಿನ ಎರಡೇ ಮೂಳೆಗಳ ನಡುವೆ, ಅಂದರೆ ನಾಳ ಬಾಗಿರುವ ಆ ಜಾಗದಲ್ಲೇ. ಅಲ್ಲಿ ಒಳಪದರ ಸೀಳಿದರೆ ರಕ್ತ ಗೋಡೆಯೊಳಕ್ಕೆ ನುಗ್ಗಿ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮೇಲಕ್ಕೆ ಹೋಯಿತೋ, ಸ್ಟ್ರೋಕ್. ತಿರುವುವ ಕೈ ಕೈರೋಪ್ರಾಕ್ಟರನದೇ ಆಗಬೇಕೆಂದಿಲ್ಲ. ಬ್ಯೂಟಿ ಪಾರ್ಲರಿನ ಬೇಸಿನ್ನಿಗೆ ಕತ್ತು ಚಾಚಿ ತಲೆ ತೊಳೆಸಿಕೊಂಡ ಐವರು ಹೆಂಗಸರಿಗೆ ಸ್ಟ್ರೋಕ್ ಆದದ್ದನ್ನು ಅಮೆರಿಕದ ನರರೋಗತಜ್ಞ ಮೈಕೇಲ್ ವೈನ್‌ಟ್ರಾಬ್ 1993ರಲ್ಲಿ ಬರೆದರು.

ಆದರೆ ಕೋಳಿ ಕೂಗಿದ ಮೇಲೆ ಬೆಳಗಾಯಿತು ಅಂದಮಾತ್ರಕ್ಕೆ ಕೋಳಿಯೇ ಬೆಳಗು ಮಾಡಿತೆನ್ನಲಾಗದು. ಲೆಕ್ಕ ಬೇಕಿತ್ತು. ಲೆಕ್ಕ ಸಿಕ್ಕಿದ್ದು ಕೆನಡಾದ ಒಂಟಾರಿಯೊದಲ್ಲಿ, ಅದೂ ಸರ್ಕಾರಿ ಬಿಲ್ಲುಗಳ ರಾಶಿಯಲ್ಲಿ. ಆ ಪ್ರಾಂತ್ಯದ ಆರೋಗ್ಯ ವಿಮೆ 2004ರವರೆಗೂ ಕೈರೋಪ್ರಾಕ್ಟರನ ಶುಲ್ಕದಲ್ಲಿ ಒಂದು ಪಾಲು ಕೊಡುತ್ತಿತ್ತು. ಹಾಗಾಗಿ ಯಾರು, ಯಾವ ದಿನ, ಯಾರ ಬಳಿ ಹೋದರೆಂಬುದು ಕಡತದಲ್ಲಿ ಉಳಿಯಿತು. ಡಿಯಾನಾ ರಾಥ್‌ವೆಲ್ ಮತ್ತು ಸಂಗಡಿಗರು 1993ರಿಂದ 1998ರವರೆಗಿನ 582 ಸ್ಟ್ರೋಕ್ ಪ್ರಕರಣಗಳನ್ನು ಈ ಬಿಲ್ಲುಗಳಿಗೆ ತಾಳೆ ಹಾಕಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. 45ಕ್ಕಿಂತ ಕಿರಿಯ ರೋಗಿಗಳು ಸ್ಟ್ರೋಕಿಗೆ ಮುಂಚಿನ ವಾರದೊಳಗೆ ಕೈರೋಪ್ರಾಕ್ಟರನನ್ನು ಕಂಡಿರುವ ಸಾಧ್ಯತೆ ಸ್ಟ್ರೋಕ್ ಆಗದವರಿಗಿಂತ ಐದು ಪಟ್ಟು ಇತ್ತು.

ಕಳ್ಳ ಸಿಕ್ಕಿಬಿದ್ದ ಹಾಗೇ ಆಯಿತು. ಆದರೆ 2008ರಲ್ಲಿ ಡೇವಿಡ್ ಕ್ಯಾಸಿಡಿ ತಂಡ ಅದೇ ಪ್ರಾಂತ್ಯದ ಇನ್ನಷ್ಟು ವರ್ಷಗಳ ಕಡತ ಬಿಡಿಸಿತು. ಈ ಸಲ 818 ಸ್ಟ್ರೋಕ್‌ಗಳು. ಜತೆಗೊಂದು ಹೊಸ ಪ್ರಶ್ನೆ: ಈ ರೋಗಿಗಳು ಸ್ಟ್ರೋಕಿಗೆ ಮುಂಚೆ ತಮ್ಮ ಮಾಮೂಲು ಡಾಕ್ಟರ ಬಳಿಗೂ ಹೋಗಿದ್ದರೇ? ಹೋಗಿದ್ದರು. ಕಿರಿಯರಲ್ಲಿ ಡಾಕ್ಟರ ಭೇಟಿಯೂ ಕೈರೋಪ್ರಾಕ್ಟರನ ಭೇಟಿಯೂ ಸ್ಟ್ರೋಕ್ ಆಗದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಡಾಕ್ಟರು ಯಾರ ಕುತ್ತಿಗೆಯನ್ನೂ ಲಟಕ್ಕನೆ ತಿರುವುವುದಿಲ್ಲವಲ್ಲ! ಅಂದರೆ ನಾಳ ಮೊದಲೇ ಸೀಳಿರಬಹುದು. ಆ ಸೀಳಿನ ನೋವೇ ಕುತ್ತಿಗೆ ನೋವು, ತಲೆನೋವಾಗಿ ಜನರನ್ನು ಎರಡೂ ಬಾಗಿಲುಗಳಿಗೆ ಅಟ್ಟಿರಬಹುದು.

ಕ್ಯಾಸಿಡಿ ಸ್ವತಃ ಕೈರೋಪ್ರಾಕ್ಟಿಕ್ ಓದಿದವರು. ಇದನ್ನು ಎತ್ತಿ ಆಡಿದವರುಂಟು. ಅದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಎಂದರೆ, ಆಸ್ಪತ್ರೆಯ ಕೋಡ್‌ಗಳಲ್ಲಿ ಸೀಳಿನಿಂದಾದ ಸ್ಟ್ರೋಕೂ ಕೊಬ್ಬು ಕಟ್ಟಿ ಆದ ಸ್ಟ್ರೋಕೂ ಒಂದೇ ಸಾಲಿನಲ್ಲಿ ಬರುತ್ತವೆ. ನನಗನ್ನಿಸುವಂತೆ, ಕ್ಯಾಸಿಡಿಯ ಲೆಕ್ಕ ಯಾರನ್ನೂ ಖುಲಾಸೆ ಮಾಡುವುದಿಲ್ಲ. ಮೊದಲೇ ಸೀಳಿದ ನಾಳವನ್ನು ಇನ್ನೊಮ್ಮೆ ತಿರುವುವುದು ಇನ್ನೂ ಕೆಟ್ಟದ್ದಲ್ಲವೇ? 2014ರಲ್ಲಿ ಅಮೆರಿಕದ ಹೃದಯ ಸಂಘ ಹೇಳಿದ್ದು ಇಷ್ಟು: ನಂಟು ಇದೆ, ಕಾರಣವೆಂದು ಸಾಬೀತಾಗಿಲ್ಲ, ಅಪಾಯ ಕಡಿಮೆ ಇರಬಹುದು, ಆದರೆ ಕುತ್ತಿಗೆಗೆ ಕೈ ಹಾಕುವ ಮುನ್ನ ರೋಗಿಗೆ ಈ ವಿಷಯ ತಿಳಿಸಬೇಕು.

ಸೊಂಟದ ಕತೆ ಇಷ್ಟು ಭಯದ್ದಲ್ಲ. ಅಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೆರಡು ದಿನದ ನೋವು, ಬಿಗಿತ.

ನಮ್ಮಲ್ಲಿ ಈ ಕೆಲಸಕ್ಕೆ ಕೈರೋಪ್ರಾಕ್ಟರನೇ ಬೇಕಿಲ್ಲ. 2024ರಲ್ಲಿ ಕಟಿಂಗ್ ಶಾಪಿನಲ್ಲಿ ಪುಕ್ಕಟೆ ಮಸಾಜ್ ಜತೆಗೆ ಕತ್ತು ತಿರುವಿಸಿಕೊಂಡ ಬಳ್ಳಾರಿಯ ಮೂವತ್ತರ ಯುವಕನೊಬ್ಬ ಸ್ಟ್ರೋಕ್ ಆಗಿ ಬೆಂಗಳೂರಿನ ಆಸ್ಪತ್ರೆ ಸೇರಿದ. ಹಿಂದೆಂದೂ ಬಾರದಂಥ ಕುತ್ತಿಗೆ ನೋವು ಬಂದಿದ್ದರೆ, ಜತೆಗೆ ತಲೆಸುತ್ತು, ತೊದಲು, ಒಂದು ಎರಡಾಗಿ ಕಾಣುವುದು ಇದ್ದರೆ, ಯಾರ ಕೈಗೂ ಕುತ್ತಿಗೆ ಕೊಡದೆ ನೆಟ್ಟಗೆ ಆಸ್ಪತ್ರೆಗೆ ಹೋಗಿ. ಏನೂ ಇಲ್ಲದೆ ಸುಮ್ಮನೆ ಕಟಿಂಗ್‌ಗೆ ಕೂತಿದ್ದರೂ, ಒಂದು ಕೈ ಗದ್ದಕ್ಕೆ, ಇನ್ನೊಂದು ನೆತ್ತಿಗೆ ಬಂದಾಗ, "ನೆಟಿಗೆ ಬೇಡಪ್ಪ, ತಲೆ ತಟ್ಟಿದ್ದೇ ಸಾಕು" ಅಂದುಬಿಡಿ.