ಚರಂಡಿ ಬದಿಯಿಂದ ಮಂಟಪಕ್ಕೆ: ಶಾಸನಗಲ್ಲುಗಳ ಬೆನ್ನು ಹತ್ತಿದವರು

ಬೆಂಗಳೂರು ಸೀಮೆಯ ಊರೂರುಗಳಲ್ಲಿ ಬಿದ್ದಿರುವ ಶಾಸನಗಲ್ಲುಗಳನ್ನು ಹುಡುಕಿ, ಓದಿಸಿ, ಉಳಿಸುವ ಕೆಲಸಕ್ಕೆ ಕೆಲವು ಹವ್ಯಾಸಿಗಳು ಕೈಹಾಕಿದ್ದು 2017ರ ಸುಮಾರಿಗೆ. ಮುಂದಾಳು ಪಿ.ಎಲ್. ಉದಯಕುಮಾರ್ ಓದಿದ್ದು ಎಂಜಿನಿಯರಿಂಗ್. ಜೊತೆಗೂಡಿದವರಲ್ಲೂ ಬಹಳ ಮಂದಿಗೆ ಹೊಟ್ಟೆಪಾಡಿನ ಕೆಲಸ ಬೇರೆಯೇ ಇತ್ತು. ಶಾಸನದ ಹುಚ್ಚು ಬಿಡುವಿನ ವೇಳೆಯದು. 'ಇನ್‌ಸ್ಕ್ರಿಪ್ಷನ್ ಸ್ಟೋನ್ಸ್ ಆಫ್ ಬೆಂಗಳೂರು' ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಈ ಹುಡುಕಾಟಕ್ಕೆ 2021ರಲ್ಲಿ ಮಿಥಿಕ್ ಸೊಸೈಟಿಯ ಆಸರೆ ದೊರೆತು, ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆ ರೂಪುಗೊಂಡಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನದಲ್ಲಿದೆ. ನಾಡಿನ ಇತಿಹಾಸ ಸಂಶೋಧನೆಗೆ ನೂರು ವರ್ಷಕ್ಕೂ ಮಿಕ್ಕಿ ದುಡಿದ ಸಂಸ್ಥೆ.

ಈ ಹುಡುಕಾಟಕ್ಕೆ ದಾರಿ ತೋರಿಸುವುದು ಒಂದು ಹಳೆಯ ಗ್ರಂಥ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಉದ್ದಗಲ ತಿರುಗಿ, ಸುಮಾರು 9,000 ಶಾಸನಗಳ ಪಾಠವನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1905ರಲ್ಲಿ ಹೊರಬಂದ ಒಂಬತ್ತನೆಯ ಸಂಪುಟ ಅಂದಿನ ಬೆಂಗಳೂರು ಜಿಲ್ಲೆಯದು. ಚನ್ನಪಟ್ಟಣ, ಮಾಗಡಿ ತಾಲ್ಲೂಕುಗಳೂ ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರವೂ ಅದರಲ್ಲೇ ಸೇರಿವೆ. ಶಾಸನ ಯಾವ ಊರಿನ ಯಾವ ಜಾಗದಲ್ಲಿದೆ ಎಂಬುದನ್ನು ಆ ಸಂಪುಟ ಹೇಳುತ್ತದೆ. ಆದರೆ ಅಂದಿನ ಹೊಲ ಇಂದು ಬಡಾವಣೆಯಾಗಿದೆ, ಕೆರೆ ಬಸ್ ನಿಲ್ದಾಣವಾಗಿದೆ, ಕೆಲವು ಹಳ್ಳಿಗಳ ಹೆಸರೇ ಜನರ ಬಾಯಿಂದ ಮರೆಯಾಗಿದೆ. ಹಾಗಾಗಿ ಹಳೆಯ ಊರಿನ ಹೆಸರನ್ನು ಇಂದಿನ ನಕಾಶೆಗೆ ಹೊಂದಿಸಿ, ಆಮೇಲೆ ಅಲ್ಲಿನ ಹಿರಿಯರನ್ನು ಹುಡುಕಿ ವಿಚಾರಿಸಬೇಕಾಗುತ್ತದೆ. ಕಲ್ಲು ಕೆಲವೆಡೆ ಗುಡಿಯ ಹಿಂಬದಿಯಲ್ಲಿ ಸಿಕ್ಕರೆ ಕೆಲವೆಡೆ ಬಟ್ಟೆ ಒಗೆಯುವ ಹಾಸುಗಲ್ಲಾಗಿ ಸಿಗುತ್ತದೆ. ಬಹಳಷ್ಟು ಕಡೆ ಸಿಗುವುದೇ ಇಲ್ಲ.

ರೈಸ್ ಅವರ ಕಣ್ಣಿಗೂ ಬೀಳದ ಕಲ್ಲೊಂದು ಈ ತಂಡಕ್ಕೆ ದೊಡ್ಡ ಹೆಸರು ತಂದಿತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಅಕ್ಷರಗಳಿದ್ದ ವೀರಗಲ್ಲೊಂದು ಮೇಲೆದ್ದಿತು. ಕಾಮಗಾರಿಯ ಮಣ್ಣಿನ ರಾಶಿಯಲ್ಲಿ ಇಂಥ ಕಲ್ಲು ಸೇರಿದರೆ ಮುಂದಿನ ಗತಿ ಲಾರಿಯೇ. ಇದು ಮಾತ್ರ ಸಕಾಲಕ್ಕೆ ಗೊತ್ತುಳ್ಳವರ ಕಣ್ಣಿಗೆ ಬಿತ್ತು. ಲಿಪಿ, ಭಾಷೆ ಮತ್ತು ಅದರಲ್ಲಿ ಬರುವ ರಾಜನ ಹೆಸರಿನ ಮೇಲೆ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 750ರದೆಂದು ಗೊತ್ತುಮಾಡಿದರು. ಬೆಂಗಳೂರು ನಗರದೊಳಗೆ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಹೆಸರಾಗಿದೆ.

ಶಾಸನ ಹೇಳುವ ಕಥೆ ಚಿಕ್ಕದು. ಗಂಗ ಅರಸ ಶ್ರೀಪುರುಷ ಆಳುತ್ತಿದ್ದ ಕಾಲ. ಪೆರ್ಬೊಳಲ್ನಾಡು ಮೂವತ್ತು, ಅಂದರೆ ಇಂದಿನ ಹೆಬ್ಬಾಳದ ಸುತ್ತಿನ ಮೂವತ್ತು ಊರುಗಳ ಗುಂಪು, ಒಂದು ಆಡಳಿತ ಘಟಕವಾಗಿತ್ತು. ರಾಷ್ಟ್ರಕೂಟರ ಕಡೆಯ ರಟ್ಟವಾಡಿಯ ಪಡೆ ಏರಿಬಂದಾಗ ಕಿತ್ತಯ್ಯ ಎಂಬಾತ ಕಾದಾಡಿ ಮಡಿದ. ಅವನ ನೆನಪಿಗೆ ಈ ಕಲ್ಲು ನಿಂತಿತು. ರಾಜನಲ್ಲದ, ಸೇನಾಧಿಪತಿಯೂ ಅಲ್ಲದ ಒಬ್ಬ ಊರಿನ ಮನುಷ್ಯನ ಹೆಸರು ಹನ್ನೆರಡೂವರೆ ಶತಮಾನ ದಾಟಿ ಉಳಿದಿದೆ. ಬೆಂಗಳೂರಿನ ಇತಿಹಾಸವನ್ನು 1537ರ ಕೆಂಪೇಗೌಡರ ಕೋಟೆಯಿಂದ ಎಣಿಸುವ ರೂಢಿಗೆ ಈ ಕಲ್ಲು ಸುಮಾರು 800 ವರ್ಷಗಳ ಪೂರ್ವಕಥೆಯನ್ನು ಸೇರಿಸುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ರ ವೀರಗಲ್ಲಿನಲ್ಲಿ 'ಬೆಂಗಳೂರು ಕಾಳಗ'ದ ಪ್ರಸ್ತಾಪ ಇರುವುದು ಮೊದಲೇ ತಿಳಿದಿತ್ತು. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕಥೆಗೂ ಮುಂಚೆಯೇ ಊರಿಗೆ ಆ ಹೆಸರಿತ್ತು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಕಿತ್ತಯ್ಯನ ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಬಹುದಿತ್ತು. ಊರಿನವರು, ಆಸಕ್ತರು ಸೇರಿ ಅದನ್ನು ಹೆಬ್ಬಾಳದಲ್ಲೇ ಉಳಿಸಿಕೊಂಡರು. ಜನರ ನೆರವಿನಿಂದ ಗಂಗರ ಕಾಲದ ಶೈಲಿಯನ್ನು ನೆನಪಿಸುವ ಮಂಟಪ ಎದ್ದಿತು. ಕಲ್ಲಿನ ಮೇಲೆ ಏನು ಬರೆದಿದೆ ಎಂದು ಗೊತ್ತಾದ ಮೇಲೆ ಅದನ್ನು ಕಾಯಲು ಊರೇ ಮುಂದೆ ಬರುತ್ತದೆ. ತಂಡ ಮತ್ತೆ ಮತ್ತೆ ಒತ್ತಿ ಹೇಳುವ ಮಾತೂ ಇದೇ.

ಶಾಸನದ ನಕಲು ತೆಗೆಯುವ ಹಳೆಯ ವಿಧಾನಕ್ಕೆ ಪಡಿಯಚ್ಚು ಎನ್ನುತ್ತಾರೆ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ತಟ್ಟಿ ಅಕ್ಷರದ ಗುಣಿಗೆ ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಅಕ್ಷರ ಬಿಳಿಯಾಗಿ, ಉಳಿದದ್ದು ಕಪ್ಪಾಗಿ ಮೂಡುತ್ತದೆ. ಸವೆದ ಕಲ್ಲಿನಲ್ಲಿ ಈ ವಿಧಾನ ಸೋಲುತ್ತದೆ. ಮೂರು ಆಯಾಮದ ಸ್ಕ್ಯಾನರ್ ಕಲ್ಲಿನ ಮೇಲ್ಮೈಯ ಏರುತಗ್ಗುಗಳನ್ನು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಅಳೆಯುತ್ತದೆ. ಕಂಪ್ಯೂಟರಿನಲ್ಲಿ ಆ ಪ್ರತಿಯನ್ನು ಹೇಗೆ ಬೇಕಾದರೂ ತಿರುಗಿಸಿ, ಬೆಳಕನ್ನು ಯಾವ ಬದಿಯಿಂದಲಾದರೂ ಬೀಳಿಸಿ ನೋಡಬಹುದು. ಬರಿಗಣ್ಣಿಗೆ ಕಾಣದ ಅಕ್ಷರಗಳು ಹೀಗೆ ಓದಿಗೆ ದಕ್ಕಿವೆ. ಸ್ಕ್ಯಾನ್ ಮಾಡಿದ ಶಾಸನದ ಚಿತ್ರ, ಬಿಡಿ ಅಕ್ಷರಗಳ ಚಿತ್ರ ಮತ್ತು ಸಾರಾಂಶವನ್ನು 'ಅಕ್ಷರ ಭಂಡಾರ' ಎಂಬ ತಂತ್ರಾಂಶದ ಮೂಲಕ ಎಲ್ಲರಿಗೂ ತೆರೆದಿಡಲಾಗಿದೆ. ಹಳಗನ್ನಡ ಲಿಪಿ ಕಲಿಯುವವರಿಗೆ ಇದು ಒಳ್ಳೆಯ ಬಾಲಬೋಧೆ.

ಕೆಲಸದ ವ್ಯಾಪ್ತಿ ಬೆಂಗಳೂರಿಗೆ ಮುಗಿಯದೆ ರಾಮನಗರ ಸೀಮೆಗೂ ಚಾಚಿದೆ. ಇಲ್ಲಿ ಸಂಪತ್ತು ಕಡಿಮೆಯಿಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ಜಗಳವನ್ನು ಅರಸ ಇಬ್ಬರ ಕೈ ಕೂಡಿಸಿ ಬಗೆಹರಿಸಿದ್ದನ್ನು ಅದು ದಾಖಲಿಸುತ್ತದೆ. ಇದೇ ಒಪ್ಪಂದದ ಇನ್ನೊಂದು ಕಲ್ಲು ಶ್ರವಣಬೆಳಗೊಳದಲ್ಲಿದೆ. ಚನ್ನಪಟ್ಟಣದ ಬಳಿಯ ಮಳೂರುಪಟ್ಟಣದಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಈ ನೆಲದ ಹೆಸರುಗಳು ಮಾತ್ರ ಬದಲಾಗುತ್ತಲೇ ಬಂದಿವೆ. ರಾಮನಗರ ಒಮ್ಮೆ ಕ್ಲೋಸ್‌ಪೇಟೆಯಾಗಿತ್ತು. ಈ ಭಾಗ ಬೆಂಗಳೂರು ಜಿಲ್ಲೆಯಲ್ಲಿತ್ತು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಅದನ್ನು ಬೆಂಗಳೂರು ದಕ್ಷಿಣವೆಂದು ಕರೆಯಲು ಸಚಿವ ಸಂಪುಟ ಒಪ್ಪಿತು. 2023ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಹೊಲಗಳು ನಿವೇಶನಗಳಾಗುವ ವೇಗ ಇನ್ನೂ ಹೆಚ್ಚಿದೆ.

ಕಲ್ಲುಗಳಿಗೆ ಆಪತ್ತು ಹಲವು ಬಗೆಯದು. ಶಾಸನದಡಿ ನಿಧಿಯಿದೆಯೆಂದು ಅಗೆಯುವವರಿದ್ದಾರೆ. ಭಕ್ತಿಯಿಂದ ಎಣ್ಣೆ, ಅರಿಸಿನ, ಕುಂಕುಮ, ಕೊನೆಗೆ ಬಣ್ಣವನ್ನೂ ಬಳಿಯುವವರಿದ್ದಾರೆ. ಅಕ್ಷರ ಮುಚ್ಚಿಹೋದರೂ ಪೂಜೆಯ ದೆಸೆಯಿಂದ ಕಲ್ಲಾದರೂ ಉಳಿದಿದೆ. ಜೆಸಿಬಿ ಬಂದಲ್ಲಿ ಅದೂ ಉಳಿಯುವುದಿಲ್ಲ. ಸ್ಮಾರಕಗಳ ರಕ್ಷಣೆಗೆ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಇವೆ. ಆದರೆ ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರದ ಹೊಲದಂಚಿನ ಒಂಟಿ ಕಲ್ಲಿನ ಕಡೆ ನೋಡುವವರು ಕಡಿಮೆ. ದಾನವನ್ನು ಅಳಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗಲಿ ಎಂಬಂಥ ಶಾಪವನ್ನು ಎಷ್ಟೋ ದಾನಶಾಸನಗಳ ಕೊನೆಯಲ್ಲಿ ಕೆತ್ತಿದ್ದಾರೆ. ಅದನ್ನು ಓದಬಲ್ಲವರೇ ಇಲ್ಲದಿದ್ದಾಗ ಶಾಪಕ್ಕೂ ಬಲವಿಲ್ಲ.

ಸ್ಕ್ಯಾನ್ ಆದ ಪ್ರತಿ ಕಲ್ಲಿನ ಮಾತನ್ನು ಉಳಿಸುತ್ತದೆ, ಕಲ್ಲನ್ನು ಉಳಿಸುವುದು ಊರಿನವರ ಕೈಯಲ್ಲಿದೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಯಾವುದೇ ಹಳ್ಳಿಯಲ್ಲಿ ಗುಡಿಯ ಹಿಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಕದಲಿಸಬೇಡಿ, ಉಜ್ಜಬೇಡಿ, ಬಣ್ಣ ಬಳಿಯಬೇಡಿ. ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, ಪುರಾತತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಿಳಿಸಿ. ಆ ಕಲ್ಲಿನ ಬಗ್ಗೆ ಊರಿನ ಹಿರಿಯರು ಏನು ಹೇಳುತ್ತಾರೆ ಎಂಬುದನ್ನೂ ಕೇಳಿ ಬರೆದಿಡಿ. ಅವರ ಮಾತಿಗೆ ಪಡಿಯಚ್ಚು ತೆಗೆಯುವ ಸಂಪುಟ ಇನ್ನೂ ಬಂದಿಲ್ಲ.