ಜಿರಾಫೆಯ ಕತ್ತು ಚಾಚಿದ್ದಕ್ಕೆ ಉದ್ದವಾಯ್ತಾ?

ಎತ್ತರದ ಎಲೆ ತಿನ್ನೋಕೆ ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯ್ತು. ಶಾಲೆಯ ವಿಜ್ಞಾನ ಪಾಠದಿಂದ ಬಹಳಷ್ಟು ಜನರಿಗೆ ನೆನಪಿರುವುದು ಇಷ್ಟೇ. ಇದು ಫ್ರಾನ್ಸಿನ ಲಮಾರ್ಕ್ 1809ರಲ್ಲಿ ಮುಂದಿಟ್ಟ ವಾದ. ಆದರೆ ಜೀವಮಾನವಿಡೀ ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನನ ಮಗು ಹುಟ್ಟುವಾಗಲೇ ಕಟ್ಟುಮಸ್ತಾಗಿರಲ್ಲ. ದುಡಿದು ಗಳಿಸಿದ ಮೈಕಟ್ಟು ಮಕ್ಕಳಿಗೆ ಬಳುವಳಿಯಾಗಿ ಬರುವುದಿಲ್ಲ.

1858ರಲ್ಲಿ ಡಾರ್ವಿನ್ ಬರಹದ ಜೊತೆಗೇ ಮಂಡನೆಯಾದ ಪ್ರಬಂಧದಲ್ಲಿ ವ್ಯಾಲೇಸ್ ಇದೇ ಜಿರಾಫೆಯನ್ನು ಹಿಡಿದು ಲೆಕ್ಕ ತಿರುವಿ ಹಾಕಿದರು. ಹಿಂಡಿನಲ್ಲಿ ಎಲ್ಲದರ ಕತ್ತೂ ಒಂದೇ ಅಳತೆಯದ್ದಲ್ಲ. ಮೇವಿಗೆ ಬರ ಬಂದಾಗ ತುಸು ಉದ್ದ ಕತ್ತಿನವು ಉಳಿದವು, ಮರಿ ಹಾಕಿದವು. ಆ ಗುಣ ಮರಿಗಳಿಗೂ ಬಂತು. ತಲೆಮಾರುಗಳು ಉರುಳಿದಂತೆ ಕತ್ತು ಬೆಳೆಯಿತು. ಅಂದರೆ ಪ್ರಾಣಿ ಬಯಸಿ ಪಡೆದದ್ದಲ್ಲ, ಪರಿಸರ ಆರಿಸಿದ್ದು.

ಹಾಗಂತ ವಾದ ಅಲ್ಲಿಗೇ ಮುಗಿಯಲಿಲ್ಲ. 1996ರಲ್ಲಿ ಸಿಮನ್ಸ್ ಮತ್ತು ಶೀಪರ್ಸ್ ಎಂಬ ವಿಜ್ಞಾನಿಗಳು ತಕರಾರು ತೆಗೆದರು. ಮೇವಿನ ಪೈಪೋಟಿ ಜೋರಾಗಿರಬೇಕಾದ ಒಣ ಕಾಲದಲ್ಲೇ ಜಿರಾಫೆಗಳು ಗಿಡ್ಡ ಪೊದೆಗಳನ್ನು ಮೇಯುತ್ತವಲ್ಲ, ಮತ್ತೆ ಈ ಎತ್ತರ ಯಾಕೆ? ಅವರ ಉತ್ತರ: ಜಗಳಕ್ಕೆ. ಹೆಣ್ಣಿಗಾಗಿ ಕಾದಾಡುವ ಗಂಡುಗಳು ಕತ್ತನ್ನೇ ದೊಣ್ಣೆಯಂತೆ ಬೀಸಿ ತಲೆಯಿಂದ ಗುದ್ದುತ್ತವೆ.

ಇದಕ್ಕೂ ಎದುರೇಟು ಬಿತ್ತು. ದಕ್ಷಿಣ ಆಫ್ರಿಕಾದ ಕ್ರೂಗರ್ ಪ್ರದೇಶದಲ್ಲಿ ಮರಗಳಿಗೆ ಬೇಲಿ ಹಾಕಿ ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನ ಮೇವಿನ ವಾದಕ್ಕೆ ಮತ್ತೆ ಬಲ ಕೊಟ್ಟಿತು. ಕೆಳಗಿನ ಸೊಪ್ಪನ್ನು ಗಿಡ್ಡ ಪ್ರಾಣಿಗಳು ಮೇಯ್ದಿರುತ್ತವೆ, ಮೇಲಿನ ಕೊಂಬೆಯಲ್ಲಿ ಜಿರಾಫೆಗೆ ಪ್ರತಿ ತುತ್ತಿಗೂ ಹೆಚ್ಚು ಎಲೆ ಸಿಗುತ್ತೆ. 2024ರ ಇನ್ನೊಂದು ಅಧ್ಯಯನದ ಪ್ರಕಾರ, ಮೈಯಳತೆಗೆ ಹೋಲಿಸಿದರೆ ಹೆಣ್ಣುಗಳ ಕತ್ತೇ ಹೆಚ್ಚು ಉದ್ದ. ಬರೀ ಗಂಡುಗಳ ಕಾದಾಟವೇ ಕಾರಣವಾಗಿದ್ದರೆ ಹೀಗಿರಬೇಕಿರಲಿಲ್ಲ.

ಇಷ್ಟುದ್ದದ ಕತ್ತಿನಲ್ಲೂ ನಮ್ಮ ಹಾಗೇ ಏಳೇ ಮೂಳೆ. ವಿಕಾಸ ಹೊಸದನ್ನು ಜೋಡಿಸಲಿಲ್ಲ, ಇದ್ದುದನ್ನೇ ಎಳೆದು ಉದ್ದ ಮಾಡಿತು. ಈ ಎತ್ತರ ಬಿಟ್ಟಿ ಸಿಕ್ಕಿದ್ದೂ ಅಲ್ಲ. ಮಿದುಳಿಗೆ ರಕ್ತ ಏರಿಸಲು ಜಿರಾಫೆಯ ರಕ್ತದೊತ್ತಡ ನಮ್ಮದಕ್ಕಿಂತ ಸುಮಾರು ಎರಡರಷ್ಟು ಇರಬೇಕಾಗುತ್ತೆ.

ಒಂದು ಕತ್ತಿನ ಬಗ್ಗೆ ಇನ್ನೂರು ವರ್ಷ ಪ್ರಶ್ನೆ, ಪುರಾವೆ, ಮರುಪ್ರಶ್ನೆ. ವಿಜ್ಞಾನ ಅಂದರೆ ಇದೇ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಪಾಠ ಹೊರಬಿತ್ತು. ಅದು ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿದೆ, ನಿಜ. ಆದರೆ ಕಾಮರ್ಸ್, ಆರ್ಟ್ಸ್ ಓದುವ ಮಕ್ಕಳು? ಅವರ ಪಾಲಿಗೆ ಜಿರಾಫೆ ಇನ್ನೂ ಕತ್ತು ಚಾಚುತ್ತಲೇ ಇರುತ್ತೆ.